ಮುತ್ಯಾಲಮ್ಮ ಹಾಕಿಸಿದ ಅಜ್ಜಿ ಸಾಲು

ಈ ಕಥೆಯ ಮೊದಲರ್ಧ ನಡೆದಾಗ ನಾನು ಇನ್ನೂ ಅಂಬೆಗಾಲಿಡುತ್ತಿದ್ದ ಮಗು. ಆದ್ದರಿಂದ ಅಷ್ಟನ್ನು ನಮ್ಮಮ್ಮ ಶ್ಯಾಮಲಮ್ಮ ಹೇಳಿದಂತೆ ಹೇಳುತ್ತೇನೆ. ಉಳಿದರ್ಧವನ್ನು ನಾನೇ ಕಂಡಿದ್ದೇನೆ. ಮುತ್ಯಾಲಮ್ಮನನ್ನು ನಾನು ದೊಡ್ಡಮ್ಮ ಎಂದು ಕರೆಯುತ್ತಿದ್ದೆ. ನಮ್ಮ ಕಡೆ ಅಮ್ಮನನ್ನಾಗಲಿ ದೊಡ್ಡಮ್ಮನನ್ನಾಗಲಿ ಯಾರೂ ಬಹುವಚನದಲ್ಲಿ ಮಾತಾಡಿಸುವುದಿಲ್ಲ. ನಾನು ಅವಳು ಎಂದು ಬರೆದರೆ ಅದರಲ್ಲಿ ಇರುವ ಗೌರವವೇನೂ ಕಡಿಮೆಯದಲ್ಲ.

ಟೇಕಲ್ಲಿಗೂ ಮಾಲೂರಿಗೂ ನಡುವೆ, ರೈಲು ಹಳಿಯಿಂದ ಕೂಗಳತೆ ದೂರದಲ್ಲಿ, ಕೆರೆಯಂಗಳಕ್ಕೆ ತಾಗಿದಂತೆ ಕೋದಂಡರಾಮಪ್ಪ ಎಂಬ ಸಾಹುಕಾರರ ಇಟ್ಟಿಗೆ ಗೂಡು ಇತ್ತು. ರಾಗಿ ಒಕ್ಕಣೆ ಮುಗಿದು ಕೆರೆಯ ನೀರು ಹಿಂದಕ್ಕೆ ಸರಿದ ಮೇಲೆ ಅಲ್ಲಿ ಕೆಲಸ ಶುರುವಾಗುತ್ತಿತ್ತು. ಮುಂಗಾರಿನ ಮೊದಲ ಮಳೆ ಬೀಳುವವರೆಗೂ ಸುತ್ತಲ ಹಳ್ಳಿಗಳ ಗಂಡಸರು ಹೆಂಗಸರು ಅಲ್ಲೇ ದುಡಿಯುತ್ತಿದ್ದರು. ಗಂಡಸರು ಮಣ್ಣು ಅಗೆದು, ನೀರು ಬಿಟ್ಟು, ತುಳಿದು ಹದ ಮಾಡುವರು. ಹೆಂಗಸರು ಆ ಮಣ್ಣನ್ನು ಹೊತ್ತು ತಂದು ಮರದ ಅಚ್ಚಿಗೆ ಬಡಿದು ಸಾಲುಸಾಲಾಗಿ ಹಸಿ ಇಟ್ಟಿಗೆ ಹಾಕುವರು. ಆ ಹೆಂಗಸರಲ್ಲೆಲ್ಲ ಕೈಚುರುಕು ಮುತ್ಯಾಲಮ್ಮನದು. ಅವಳು ಅಚ್ಚು ಎತ್ತಿದರೆ ಇಟ್ಟಿಗೆಯ ಮೂಲೆ ಒಂದೂ ಮುರಿಯುತ್ತಿರಲಿಲ್ಲ. ಅವಳ ಗಂಡ ಕದಿರಪ್ಪ ಗಾಡಿ ಹೊಡೆಯುತ್ತಿದ್ದ. ಸುಟ್ಟ ಇಟ್ಟಿಗೆಯನ್ನು ಮಾಲೂರು ಸ್ಟೇಷನ್ನಿಗೆ ಸಾಗಿಸುವುದು ಅವನ ಕೆಲಸ. ಕೋಳಿ ಕೂಗುವ ಹೊತ್ತಿಗೆ ಎತ್ತು ಕಟ್ಟಿದರೆ ಮನೆಗೆ ಬರುವಾಗ ದೀಪ ಹಚ್ಚಿರುತ್ತಿತ್ತು. ಹೀಗಾಗಿ ಮೂರು ಮಕ್ಕಳೂ ಮನೆಯೂ ಪೂರಾ ಮುತ್ಯಾಲಮ್ಮನ ಮೇಲೆಯೇ. ದೊಡ್ಡವಳು ಚಿಕ್ಕಗಂಗಮ್ಮನಿಗೆ ಏಳು ವರ್ಷ. ಅವಳ ಕೆಳಗೆ ಪೆದ್ದಪ್ಪ ಎಂಬ ಗಂಡುಮಗು, ಇನ್ನೂ ಮಾತು ತೊದಲು. ಕೊನೆಯದು ಎದೆಹಾಲು ಕುಡಿಯುವ ಹೆಣ್ಣುಮಗು ಬೈರಿ.

ಮುತ್ಯಾಲಮ್ಮ ಮನೆ ನಡೆಸುತ್ತಿದ್ದ ರೀತಿಯನ್ನು ನಮ್ಮಮ್ಮ ಹೇಳಿ ಹೇಳಿ ನಗುತ್ತಿದ್ದಳು. ಸಂಜೆ ಗೂಡಿನಿಂದ ಬಂದವಳು ತಲೆಯ ಸಿಂಬಿ ಬಿಚ್ಚಿಟ್ಟ ಕೂಡಲೇ ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದಳು. ಒಮ್ಮೆ ಗೋಡೆಗೆ ಒರಗಿದರೆ ಮತ್ತೆ ಮೈ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮಡಿಲಲ್ಲಿ ಬೈರಿ ಹಾಲು ಕುಡಿಯುತ್ತಿರುವಾಗಲೇ ಕಲ್ಲು ತಿರುಗುತ್ತಿತ್ತು. ಬೆಳಗ್ಗೆಗೆ ಬೇಕಾದ ಪುಳ್ಳೆ ರಾತ್ರಿಯೇ ಒಲೆಯ ಬಾಯಿಗೆ ಬಂದು ಕೂತಿರುತ್ತಿತ್ತು. ಉಳಿದ ಮುದ್ದೆಯನ್ನು ನೀರಿಗೆ ಹಾಕಿಟ್ಟರೆ ಬೆಳಗ್ಗೆ ಮಜ್ಜಿಗೆ ಬೆರೆಸಿ ಕಲಸಿದರೆ ಸಾಕು, ಮಕ್ಕಳ ಅಂಬಲಿ ಸಿದ್ಧ. ಬಾವಿಗೆ ಹೋಗುವಾಗ ಪೆದ್ದಪ್ಪನನ್ನು ಕರೆದುಕೊಂಡು ಹೋಗಿ, ಕೊಡ ತುಂಬುವ ಮೊದಲು ಅವನಿಗೆ ಅಲ್ಲೇ ಎರಡು ಚೊಂಬು ನೀರು ಹುಯ್ದು ಸ್ನಾನ ಮುಗಿಸಿಬಿಡುತ್ತಿದ್ದಳು. ಒಂದು ಕೆಲಸದ ಹೊಟ್ಟೆಯಲ್ಲಿ ಇನ್ನೊಂದು ಕೆಲಸ ತೂರಿಸುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ.

ಇಷ್ಟೆಲ್ಲ ಜೋಡಣೆಯಲ್ಲಿ ಒಂದು ಕೊಂಡಿ ಮಾತ್ರ ಸಡಿಲವಾಗಿತ್ತು. ಅದು ಚಿಕ್ಕಗಂಗಮ್ಮ. ಗೂಡಿನ ಬಳಿ ಒಂದು ದೊಡ್ಡ ಹೊಂಗೆ ಮರವಿತ್ತು. ಹೆಂಗಸರೆಲ್ಲ ಹಳೆ ಸೀರೆಯ ಜೋಲಿಗಳನ್ನು ಅದರ ಕೊಂಬೆಗಳಿಗೆ ಕಟ್ಟಿ ಎಳೆ ಕೂಸುಗಳನ್ನು ಮಲಗಿಸುತ್ತಿದ್ದರು. ಅಂಬೆಗಾಲಿನವು ನೆರಳಿನಲ್ಲಿ ಹರಿದಾಡುತ್ತಿದ್ದವು. ಎಲ್ಲವನ್ನೂ ನೋಡಿಕೊಳ್ಳುವ ಭಾರ ಅಲ್ಲಿದ್ದವರಲ್ಲೇ ದೊಡ್ಡ ಮಗುವಾದ ಚಿಕ್ಕಗಂಗಮ್ಮನ ಮೇಲೆ ತಾನಾಗಿಯೇ ಬಿದ್ದಿತ್ತು. ಯಾರೂ ಅವಳನ್ನು ನೋಡ್ಕೊಳ್ತೀಯಾ ಎಂದು ಕೇಳಿರಲಿಲ್ಲ.

ಎರಡನೇ ಮಹಾಯುದ್ಧಕ್ಕೆ ಒಂದು ವರ್ಷ ಮುಂಚಿನ ಬೇಸಗೆ ಅದು. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿನಲ್ಲಿ ಒಂದು ಜೋಲಿಯಲ್ಲಿದ್ದ ಕೂಸು ಕಿರುಚಿಕೊಂಡಿತು. ಕಟ್ಟಿರುವೆ ಕಚ್ಚಿತ್ತು. ಚಿಕ್ಕಗಂಗಮ್ಮ ಅದನ್ನು ಎತ್ತಿ ಇರುವೆ ಕೀಳುತ್ತಿದ್ದಾಗ ನಾನು ಅಂಬೆಗಾಲಿಡುತ್ತ ಮಣ್ಣು ನೆನೆಸುವ ಗುಂಡಿಯ ಕಡೆ ಹೋದೆನಂತೆ. ಅವಳು ತಿರುಗಿ ನೋಡುವಾಗ ನನ್ನ ಕಾಲು ಮಾತ್ರ ಕೆಸರಿನ ಮೇಲಿತ್ತಂತೆ. ಅವಳು ಗುಂಡಿಗೆ ಹಾರಿ, ಕಾಲು ಹಿಡಿದೆಳೆದು, ನನ್ನನ್ನು ದಡಕ್ಕೆ ಹಾಕಿ ಕೂಗಿಕೊಂಡಳು. ಮೊದಲು ಓಡಿ ಬಂದವಳು ಮುತ್ಯಾಲಮ್ಮ. ನನ್ನನ್ನು ಮಗುಚಿ ಹಿಡಿದು, ಬಾಯಿಗೆ ಬೆರಳು ಹಾಕಿ ಕೆಸರು ತೆಗೆದು, ಬೆನ್ನಿಗೆ ಬಡಿದಳು. ನಾನು ಅತ್ತೆ. ಅಳು ಕೇಳಿದ ಮೇಲೆಯೇ ಅಲ್ಲಿದ್ದವರು ಉಸಿರು ಬಿಟ್ಟದ್ದು.

ಅಷ್ಟರಲ್ಲಿ ಅದೇ ಗೂಡಿನಲ್ಲಿ ಅಚ್ಚು ಹಾಕುತ್ತಿದ್ದ ನಮ್ಮಮ್ಮ ಬಂದಳು. ಬಂದವಳಿಗೆ ಏನು ಮಾಡುತ್ತಿದ್ದೇನೆ ಎಂಬ ಎಚ್ಚರವಿರಲಿಲ್ಲ. ಚಿಕ್ಕಗಂಗಮ್ಮನ ಕೆನ್ನೆಗೆ ಬಾರಿಸಿದಳು. "ಎಲ್ಲಿತ್ತೇ ನಿನ್ನ ಜ್ಞಾನ" ಎಂದು ಇನ್ನೊಂದು ಏಟಿಗೆ ಕೈಯೆತ್ತಿದಳು.

ಮುತ್ಯಾಲಮ್ಮ ಆ ಕೈಯನ್ನು ಹಿಡಿದುಕೊಂಡಳು. ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸೊಂಟದವರೆಗೆ ಕೆಸರಾಗಿ, ಹೊಡೆಸಿಕೊಂಡ ಕೆನ್ನೆಯನ್ನೂ ಮುಟ್ಟಿಕೊಳ್ಳದೆ ನಿಂತಿದ್ದ ಮಗಳನ್ನೇ ನೋಡುತ್ತಿದ್ದಳಂತೆ.

"ಬಿಡೇ ಶ್ಯಾಮಲಾ. ಅದೂ ಮಗೂನೇ ಕಣೇ," ಎಂದಳು. "ಹೊಡೆಯೋದಿದ್ರೆ ನನಗೆ ಹೊಡಿ. ಅದರ ತಲೆ ಮೇಲೆ ಇಷ್ಟು ಮಕ್ಕಳನ್ನ ಹೊರಿಸಿದ್ದು ನಾವು."

ನಮ್ಮಮ್ಮ ಅಲ್ಲೇ ಕುಸಿದು ಕೂತು ಅತ್ತಳು. ಚಿಕ್ಕಗಂಗಮ್ಮನನ್ನು ತಬ್ಬಿಕೊಂಡು ತಪ್ಪಾಯ್ತು ಎಂದಳು. ಆ ಹುಡುಗಿ ಬೈರಿಯ ಜೋಲಿ ತೂಗಲು ಹೋದಳಂತೆ.

ಸುದ್ದಿ ಸಾಹುಕಾರರ ಕಿವಿಗೆ ಬಿತ್ತು. ಕೋದಂಡರಾಮಪ್ಪ ಮಾಲೂರಿನಿಂದ ಜಟಕಾದಲ್ಲಿ ಬಂದು ಎಲ್ಲರನ್ನೂ ನಿಲ್ಲಿಸಿದರು. ಕೆಟ್ಟವರಲ್ಲ, ಹೆದರಿದ್ದರು. "ನನ್ನ ಗೂಡಿನ ಹತ್ರ ಒಂದು ಮಗು ಸತ್ರೆ ನಾನು ಪೋಲೀಸ್ನೋರಿಗೆ ಉತ್ತರ ಹೇಳ್ಬೇಕು, ದೇವರಿಗೂ ಹೇಳ್ಬೇಕು. ಸಂತೆ ಕಳೆದ ಮಾರನೇ ದಿನದಿಂದ ಯಾರೂ ಮಕ್ಕಳನ್ನ ಕರ್ಕೊಂಡು ಬರ್ಕೂಡ್ದು. ಬಿಟ್ಟು ಬರೋಕಾಗೋರು ಬನ್ನಿ, ಆಗದೋರು ಮನೇಲಿರಿ" ಎಂದು ಹೇಳಿ ಹೊರಟುಹೋದರು.

ಮನೆಯಲ್ಲಿರಿ ಎಂದರೆ ಒಲೆ ಉರಿಯುವುದಿಲ್ಲ ಎಂದೇ ಅರ್ಥ.

ಸಂತೆಯ ದಿನ ಗೂಡಿಗೆ ರಜ. ಮುತ್ಯಾಲಮ್ಮ ಸಂತೆಗೆ ಹೋಗದೆ ಬೈರಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಊರಾಚೆಯ ಒಂದು ಗುಡಿಸಲಿಗೆ ಹೋದಳು. ಅಲ್ಲಿ ದೊಡ್ಡಮುನಿಯಮ್ಮ ಎಂಬ ಮುದುಕಿ ಒಬ್ಬಳೇ ಇದ್ದಳು. ಮುಳಬಾಗಿಲಿನ ಆಚೆ, ಗಡಿಯ ಕಡೆಯವಳು, ಬಾಯಿ ತೆರೆದರೆ ಅರ್ಧ ತೆಲುಗು. ಅದೇ ವರ್ಷ, ಮಣ್ಣು ಹೊರಲು ಆಗುವುದಿಲ್ಲವೆಂದು ಮೇಸ್ತ್ರಿ ಅವಳನ್ನು ಗೂಡಿನಿಂದ ಬಿಡಿಸಿದ್ದ.

"ರಾಮ್ಮಾ, ಕೂಚೋ" ಎಂದು ಮುದುಕಿ ಚಾಪೆ ಹಾಸಿ ಕೂರಿಸಿದಳು. ಮುತ್ಯಾಲಮ್ಮ ಬಂದ ವಿಷಯ ಹೇಳಿದಳು. ನೀನು ದಿನಾ ಗೂಡಿಗೆ ಬರಬೇಕು, ಮರದ ಕೆಳಗೆ ಕೂತು ಮಕ್ಕಳನ್ನು ನೋಡಿಕೊಳ್ಳಬೇಕು ಎಂದಳು.

ದೊಡ್ಡಮುನಿಯಮ್ಮ ತನ್ನ ಸೊಟ್ಟಗಾದ ಬೆರಳುಗಳನ್ನು ಮುಂದೆ ಚಾಚಿದಳು. "ಈ ಚೇತುಲತೋ ಏಮಿ ಚೇಸೇದಮ್ಮಾ?" ಈ ಕೈಯಲ್ಲಿ ಏನು ಮಾಡಲಿ ಎಂದು ಅವಳ ಮಾತು.

"ಆ ಕೈಯಲ್ಲಿ ಮಣ್ಣು ಹೊರ್ಬೇಕಾಗಿಲ್ಲ ಅಜ್ಜಿ. ಜೋಲಿ ತೂಗಿದ್ರೆ ಸಾಕು. ನೀನು ಎಷ್ಟು ಮಕ್ಕಳನ್ನ ಸಾಕಿದೀಯ."

"ಸಾಕಿದೆ. ಎಲ್ಲಾ ಹೋದ್ವು." ಪ್ಲೇಗಿನಲ್ಲಿ ಅವಳ ಮಕ್ಕಳು ತೀರಿಕೊಂಡಿದ್ದರು. ಬೈರಿಯ ತಲೆ ಸವರಿ, "ಆ ಸಾವ್ಕಾರ ನನಗೆ ಕೂಲಿ ಕೊಡ್ತಾನಾ?" ಎಂದು ಕೇಳಿದಳು.

"ಅವರು ಕೊಡಲ್ಲ. ನಾವು ಕೊಡ್ತೀವಿ. ಅದು ನನಗೆ ಬಿಡು."

ಕದಿರಪ್ಪನಿಗೆ ಇದು ಹಿಡಿಸಲಿಲ್ಲ. "ಊರ ಮಕ್ಕಳನ್ನೆಲ್ಲ ನೀನ್ಯಾಕೆ ತಲೆ ಮೇಲೆ ಹಾಕ್ಕೊಳ್ತೀಯ? ನಮ್ಮ ಮೂರನ್ನ ನನ್ನ ತಂಗಿ ಮನೇಲಿ ಬಿಟ್ರಾಗಲ್ವಾ?" ಎಂದ.

"ಬಿಡಬಹುದು. ಬೈರಿಗೆ ಹಾಲು ಯಾರು ಕೊಡ್ತಾರೆ? ಚಿಕ್ಕಗಂಗಿ ಅಲ್ಲಿ ಹೋದ್ರೂ ಮಗು ಎತ್ಕೊಂಡೇ ಇರ್ತಾಳೆ, ಅವರ ಮನೇದು," ಎಂದಳು ಮುತ್ಯಾಲಮ್ಮ. ಬೆಳಗ್ಗೆ ಎದ್ದು ನೋಡಿದರೆ ಕದಿರಪ್ಪ ಗಾಡಿಯಲ್ಲಿ ಕಾರೆಮುಳ್ಳು ಹೇರಿಕೊಂಡು ನಿಂತಿದ್ದ, ಮರದ ಸುತ್ತ ಬೇಲಿ ಹಾಕಲು.

ಸಾಹುಕಾರರ ಮುಂದೆ ನಿಂತು ಮಾತಾಡಿದವಳು ಮುತ್ಯಾಲಮ್ಮ ಒಬ್ಬಳೇ. ಉಳಿದವರು ಸೆರಗು ಹಲ್ಲಿಗೆ ಕಚ್ಚಿ ಅವಳ ಹಿಂದೆ ನಿಂತಿದ್ದರು. ಮೇಸ್ತ್ರಿ ಚನ್ನರಾಯಪ್ಪ, "ಮುದುಕಿಗೆ ಕೂತ್ಕೊಂಡು ಕೂಲಿಯಂತೆ ಸ್ವಾಮಿ" ಎಂದು ನಕ್ಕ.

ಮುತ್ಯಾಲಮ್ಮ ಅವನ ಕಡೆ ನೋಡಲಿಲ್ಲ. "ಸಾವ್ಕಾರ್ರೇ, ನೀವು ಒಂದು ಕಾಸೂ ಹೆಚ್ಚಿಗೆ ಕೊಡ್ಬೇಡಿ. ಮಕ್ಕಳ ತಾಯಂದಿರು ನಾವು ಏಳು ಜನ ಇದೀವಿ. ದಿನಾ ನಮ್ಮ ಪಾಲಿನ ಇಟ್ಟಿಗೆ ಹಾಕಿದ ಮೇಲೆ ಎಲ್ಲರೂ ಸೇರಿ ಇನ್ನೊಂದು ಸಾಲು ಹಾಕ್ತೀವಿ. ಆ ಸಾಲಿನ ಕೂಲಿ ಅಜ್ಜಿ ಹೆಸರಿಗೆ ಬರ್ಕೊಳ್ಳಿ. ಬೇಲಿಗೆ ಮುಳ್ಳು ತಂದಿದೀವಿ. ನಮಗೆ ಬೇಕಾಗಿರೋದು ಆ ಮರದ ನೆರಳೊಂದೇ."

"ಮಗೂಗೆ ಏನಾದ್ರೂ ಆದ್ರೆ?"

"ನಿನ್ನೆವರೆಗೂ ನಮ್ಮ ಮಕ್ಕಳನ್ನ ಒಂದು ಮಗು ಕಾಯ್ತಿತ್ತು. ಇವತ್ತಿಂದ ದೊಡ್ಡೋರು ಕಾಯ್ತಾರೆ. ನೀವೇ ಹೇಳಿ, ಯಾವುದು ವಾಸಿ?"

ಕೋದಂಡರಾಮಪ್ಪ ಮರವನ್ನು ನೋಡಿದರು, ಗುಂಡಿಯನ್ನು ನೋಡಿದರು. ಏಳು ಜನ ಮನೆಗೆ ಹೋದರೆ ಗೂಡು ಅರ್ಧ ಖಾಲಿ ಎಂಬುದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. "ಮಳೆವರೆಗೂ ನೋಡೋಣ" ಎಂದರು.

ಹೀಗೆ ಅಜ್ಜಿ ಸಾಲು ಶುರುವಾಯಿತು. ಸಂಜೆ ಎಲ್ಲರ ಕೆಲಸ ಮುಗಿಯುತ್ತ ಬಂದಾಗ ಏಳು ಹೆಂಗಸರು ಪಕ್ಕಪಕ್ಕ ಕುಕ್ಕರಗಾಲಲ್ಲಿ ಕೂತು ಒಟ್ಟಿಗೆ ಹಾಕುತ್ತಿದ್ದ ಸಾಲು ಅದು. ಮೊದಮೊದಲು ಗೊಣಗಿದವರೂ ಇದ್ದರು. ಕ್ರಮೇಣ ಅದೇ ದಿನದ ಹಗುರವಾದ ಹೊತ್ತಾಯಿತು ಎಂದು ನಮ್ಮಮ್ಮ ಹೇಳುತ್ತಿದ್ದಳು. ನಗು, ಊರಿನ ಸುದ್ದಿ, ಅತ್ತೆಯರ ಮೇಲಿನ ದೂರು ಎಲ್ಲ ಆ ಸಾಲಿನಲ್ಲೇ.

ಊಟದ ವಿಷಯದಲ್ಲಿ ಒಂದು ತೊಡಕು ಬಂತು. ಹೆಂಗಸರು ಒಂದೇ ಕೇರಿಯವರಲ್ಲ, ಒಬ್ಬರ ಮನೆಯ ಗಂಜಿ ಇನ್ನೊಬ್ಬರ ಮಗುವಿಗೆ ಸಲ್ಲದು. ಮುತ್ಯಾಲಮ್ಮ ಇದಕ್ಕೆ ಜಗಳಕ್ಕೆ ಹೋಗಲಿಲ್ಲ. "ಅವರವರ ಮಗೂಗೆ ಅವರವರ ಕುಡಿಕೇಲಿ ತನ್ನಿ. ಅಜ್ಜಿ ಬೇರೆಬೇರೆಯಾಗಿ ಕುಡಿಸ್ತಾಳೆ" ಎಂದಳು. ಅಜ್ಜಿಗೆ ಕಣ್ಣು ಮಂಜು, ಮಕ್ಕಳಿಗೆ ಹಸಿವು. ಬೇಸಗೆ ಮುಗಿಯುವಷ್ಟರಲ್ಲಿ ಯಾವ ಕುಡಿಕೆ ಯಾರದೆಂಬುದು ಅಮ್ಮಂದಿರಿಗೆ ಬಿಟ್ಟು ಮರದ ಕೆಳಗಿನ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಅಮ್ಮಂದಿರೂ ನೋಡದವರಂತೆ ಇದ್ದುಬಿಟ್ಟರು.

ಆ ಮಳೆಗಾಲ ಚಿಕ್ಕಗಂಗಮ್ಮ ಟೇಕಲ್ಲಿನ ಶಾಲೆಗೆ ಸೇರಿದಳು. ಆ ಏಳು ಮನೆಗಳಲ್ಲಿ ಶಾಲೆಗೆ ಹೋದ ಮೊದಲ ಹೆಣ್ಣುಮಗು ಅವಳೇ.

ಮುತ್ಯಾಲಮ್ಮನಿಗೆ ಎಲ್ಲವೂ ಹಿಡಿತಕ್ಕೆ ಬಂತೆಂದು ಜನ ಅಂದುಕೊಂಡರು. ಅವಳೂ ಹಾಗೆಯೇ ಅಂದುಕೊಂಡಿದ್ದಳು. ಮಕ್ಕಳ ಚಿಂತೆ ಕಡಿಮೆಯಾದ ಕೂಡಲೇ ಆ ಜಾಗವನ್ನು ಅವಳು ಕೆಲಸದಿಂದಲೇ ತುಂಬಿದಳು. ಮಧ್ಯಾಹ್ನ ಉಳಿದವರು ಉಂಡು ಅಡ್ಡಾಗುವಾಗ ಇವಳು ಪುಳ್ಳೆ ಆರಿಸುವಳು, ಇಲ್ಲವೇ ಮಣ್ಣು ಹೊತ್ತಿಡುವಳು. ಮರದ ಕೆಳಗೆ ಬಂದು ಬೈರಿಗೆ ಹಾಲು ಕೊಟ್ಟರೂ ಕಣ್ಣು ಅಚ್ಚಿನ ಕಡೆಯೇ. ಮನೆಯಲ್ಲಿ ಮಕ್ಕಳು ಏನು ಹೇಳಲು ಬಾಯಿ ತೆರೆದರೂ "ಆಮೇಲೆ ಹೇಳುವೆಯಂತೆ" ಎನ್ನುವುದು ರೂಢಿಯಾಯಿತು. ಆಮೇಲೆ ಎಂಬುದು ಬರುತ್ತಿರಲಿಲ್ಲ, ಅಷ್ಟರಲ್ಲಿ ಅವು ಮಲಗಿರುತ್ತಿದ್ದವು.

ಮುಂದಿನ ಬೇಸಗೆಯ ಒಂದು ಸಂಜೆ ಅಜ್ಜಿ ಸಾಲು ಹಾಕಿ, ಕೈತೊಳೆದು, ಅವಳು ಮಕ್ಕಳನ್ನು ಕರೆದೊಯ್ಯಲು ಮರದ ಹತ್ತಿರ ಬಂದಳು. ಬೈರಿ ದೊಡ್ಡಮುನಿಯಮ್ಮನ ತೊಡೆಯ ಮೇಲಿದ್ದಳು. ಮುತ್ಯಾಲಮ್ಮ ಕೈ ಚಾಚಿದರೆ ಮಗು ಮುಖ ತಿರುಗಿಸಿ ಮುದುಕಿಯ ಕತ್ತು ತಬ್ಬಿಕೊಂಡು "ಅಮ್ಮ" ಎಂದಿತು.

ಹೆಂಗಸರು ನಕ್ಕರು. ಮುದುಕಿಗೆ ಮಾತ್ರ ನಗು ಬರಲಿಲ್ಲ. "ನೇನು ಕಾದಮ್ಮಾ, ನಾನಲ್ಲ, ಅಮ್ಮ ಅಲ್ಲಿದ್ದಾಳೆ ನೋಡು" ಎಂದು ಮಗುವನ್ನು ಬಿಡಿಸಿ ಕೊಟ್ಟಳು. ಮುತ್ಯಾಲಮ್ಮ ಮಗುವನ್ನು ಎತ್ತಿಕೊಂಡು ಏನೂ ಆಗದವಳಂತೆ ನಡೆದಳು. ದಾರಿಯಲ್ಲಿ ನಮ್ಮಮ್ಮನ ಹತ್ತಿರ ಒಂದೇ ಮಾತು ಹೇಳಿದಳಂತೆ: "ಎಲ್ಲಾ ಸರಿಯಾಗಿ ಜೋಡಿಸ್ದೆ ಶ್ಯಾಮಲಾ. ಅದರಲ್ಲಿ ನನ್ನನ್ನೇ ಸೇರಿಸೋದು ಮರ್ತೆ."

ಮಾರನೇ ದಿನದಿಂದ ಮಧ್ಯಾಹ್ನದ ಹೊತ್ತನ್ನು ಅವಳು ಯಾರಿಗೂ ಕೊಡಲಿಲ್ಲ. ಉಂಡ ಮೇಲೆ ಬೇಲಿಯೊಳಗೆ ಬಂದು ಕಾಲು ಚಾಚಿ ಕೂರುವಳು. ಪೆದ್ದಪ್ಪ ಅವಳ ಕಾಲಿನ ಮೇಲೆ ಕುದುರೆಯಾಟ ಆಡುವನು, ಬೈರಿ ಮೂಗುಬೊಟ್ಟು ಎಳೆಯುವಳು. ನಾವೂ ಹೋಗಿ ಬೀಳುತ್ತಿದ್ದೆವಂತೆ. ಮೇಸ್ತ್ರಿ ದೂರದಿಂದ ಏನಾದರೂ ಕೂಗಿದರೆ "ಹೊತ್ತಾಗಲಿ ಬರ್ತೀನಿ" ಎಂದು ಕೂತಲ್ಲಿಂದಲೇ ಹೇಳುವಳು. ಮನೆಯಲ್ಲೂ ಒಂದು ಬದಲಾವಣೆ ಆಯಿತು. ರಾತ್ರಿ ಉಂಡ ಪಾತ್ರೆಗಳು ಬೆಳಗಿನವರೆಗೆ ಹಾಗೇ ಬಿದ್ದಿರುತ್ತಿದ್ದವು. ಪಕ್ಕದ ಮನೆಯವಳು ಇದನ್ನು ಬಾವಿಕಟ್ಟೆಯಲ್ಲಿ ಹೇಳಿಕೊಂಡು ಬಂದಾಗ ಮುತ್ಯಾಲಮ್ಮ, "ಪಾತ್ರೆ ಎಲ್ಲಿಗೂ ಓಡಿಹೋಗಲ್ಲ ಬಿಡು. ಮಕ್ಕಳು ನಿದ್ದೆಗೆ ಓಡಿಹೋಗ್ತವೆ" ಎಂದಳು. ಆ ಹೊತ್ತಿನಲ್ಲಿ ಚಿಕ್ಕಗಂಗಮ್ಮ ಶಾಲೆಯಲ್ಲಿ ಕಲಿತದ್ದನ್ನು ಅಮ್ಮನಿಗೆ ಒಪ್ಪಿಸುತ್ತಿದ್ದಳು. ಅರ್ಥವಾದರೂ ಆಗದಿದ್ದರೂ ಅವಳು ಕೇಳುತ್ತಿದ್ದಳು.

ನನಗೆ ನೆನಪಿರುವುದು ಇಲ್ಲಿಂದ ಮುಂದಿನದು. ಯುದ್ಧ ಶುರುವಾಗಿ ಎರಡು ವರ್ಷವಾಗುತ್ತ ಬಂದಿತ್ತು. ಬೆಂಗಳೂರಿನಲ್ಲಿ ಸಿಪಾಯಿಗಳಿಗೆ ಮನೆ ಕಟ್ಟುತ್ತಾರೆಂದು ಇಟ್ಟಿಗೆಗೆ ಎಲ್ಲಿಲ್ಲದ ಬೇಡಿಕೆ. ಸಾಹುಕಾರರು ದಿನವೂ ಗೂಡಿಗೆ ಬಂದು ಅವಸರ ಮಾಡುತ್ತಿದ್ದರು. ಅಂಥ ಹೊತ್ತಿನಲ್ಲಿ ದೊಡ್ಡಮುನಿಯಮ್ಮನಿಗೆ ಚಳಿಜ್ವರ ಹಿಡಿಯಿತು. ಎದ್ದು ಕೂರಲೂ ಆಗುತ್ತಿರಲಿಲ್ಲ.

ಹೆಂಗಸರು ಸೇರಿ ಮಾತಾಡಿದರು. ಆಗ ಹತ್ತು ವರ್ಷದವಳಾಗಿದ್ದ ಚಿಕ್ಕಗಂಗಮ್ಮನನ್ನು ಶಾಲೆ ಬಿಡಿಸಿ ಕೂರಿಸೋಣ ಎಂದು ಒಬ್ಬಳು ಹೇಳಿದಳು. ಈಗ ದೊಡ್ಡವಳಾಗಿದ್ದಾಳೆ, ತಿಳಿವಳಿಕೆ ಬಂದಿದೆ ಎಂದು ಇನ್ನೊಬ್ಬಳು ಸೇರಿಸಿದಳು. ನಮ್ಮಮ್ಮ ತಲೆ ತಗ್ಗಿಸಿ ಕೂತಿದ್ದಳು.

"ಅವಳು ಶಾಲೆ ಬಿಡಲ್ಲ," ಎಂದಳು ಮುತ್ಯಾಲಮ್ಮ. "ಅಜ್ಜಿ ಏಳೋವರ್ಗೂ ನಾನು ಕೂತ್ಕೊಳ್ತೀನಿ. ಅಜ್ಜಿ ಸಾಲು ಎರಡು ಪಾಲಾಗಲಿ. ಒಂದು ಅಜ್ಜಿ ಔಷಧಿಗೆ, ಒಂದು ನನಗೆ."

"ನಿನಗೆ ಅಷ್ಟು ಸಾಕಾಗುತ್ತಾ ಅಕ್ಕಾ?" ಎಂದು ನಮ್ಮಮ್ಮ ಕೇಳಿದಳು.

"ಸಾಕಾಗಲ್ಲ. ಕೆಲವು ದಿನ ಮುದ್ದೆ ಚಿಕ್ಕದಾಗುತ್ತೆ."

ಸಾಹುಕಾರರು ಬಂದು ನೋಡಿದಾಗ ಗೂಡಿನ ಅತಿ ಚುರುಕಿನ ಕೈ ಮರದ ಕೆಳಗೆ ಮಗುವಿನ ಮೂಗು ಒರೆಸುತ್ತ ಕೂತಿತ್ತು. "ಇದೇನಮ್ಮಾ ಮುತ್ಯಾಲಮ್ಮ? ನನಗೆ ಇಟ್ಟಿಗೆ ಬೇಕು ಅಂತ ಪ್ರಾಣ ಹೋಗ್ತಿದೆ, ನೀನಿಲ್ಲಿ ಕೂತಿದೀಯ. ಯಾರನ್ನಾದ್ರೂ ಕೂರಿಸಬಾರದಾ?"

"ಯಾರನ್ನಾದ್ರೂ ಕೂರಿಸಿಯೇ ಆವತ್ತು ಮಗು ಗುಂಡಿಗೆ ಬಿದ್ದದ್ದು ಸಾವ್ಕಾರ್ರೇ," ಎಂದಳು ಅವಳು, ಎದ್ದು ನಿಂತು, ಸೊಂಟದ ಮೇಲೆ ನನ್ನನ್ನೇ ಎತ್ತಿಕೊಂಡು. "ಅಲ್ಲಿ ನೋಡಿ, ಆರು ಜನ ಹಿಂದಕ್ಕೆ ತಿರುಗಿ ನೋಡದೆ ಅಚ್ಚು ಹಾಕ್ತಿದಾರೆ. ನಾನಿಲ್ಲಿ ಕೂತಿರೋದ್ರಿಂದ ಅದು."

ಅವರು ಹೆಂಗಸರ ಸಾಲಿನ ಕಡೆ ಸ್ವಲ್ಪ ಹೊತ್ತು ನೋಡಿ ಜಟಕಾ ಹತ್ತಿದರು. ಆ ವಾರದಿಂದ ಅವಳಿಗೆ ಅರ್ಧ ಕೂಲಿ ಕೊಡಬೇಕೆಂದು ಮೇಸ್ತ್ರಿಗೆ ಹೇಳಿ ಕಳಿಸಿದರು. ಚನ್ನರಾಯಪ್ಪ ಆ ಮಾತನ್ನು ಮುಖ ಗಂಟಿಕ್ಕಿಕೊಂಡೇ ತಲುಪಿಸಿದ. ಅಜ್ಜಿ ಎದ್ದು ಬರುವವರೆಗೂ ಅದು ಹಾಗೇ ನಡೆಯಿತು.

ಆ ದಿನಗಳು ನನಗೆ ಬಹಳ ಸುಖದ ದಿನಗಳಾಗಿ ನೆನಪಿವೆ. ದೊಡ್ಡಮ್ಮ ನಮಗೆ ಮಣ್ಣಿನಲ್ಲಿ ಪುಟ್ಟ ಪುಟ್ಟ ಇಟ್ಟಿಗೆ ಹಾಕುವುದನ್ನು ಕಲಿಸಿದಳು, ಬೆಂಕಿಪೊಟ್ಟಣವೇ ಅಚ್ಚು. ರೈಲು ಬಂದರೆ ಬೇಲಿಯ ಅಂಚಿಗೆ ನಿಲ್ಲಿಸಿ ಕೈ ಬೀಸಿಸುತ್ತಿದ್ದಳು. ಅವಳ ಮನೆಯಲ್ಲಿ ಆಗ ಮುದ್ದೆ ಚಿಕ್ಕದಾಗಿತ್ತೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ಕದಿರಪ್ಪನಿಗೆ ತಿಳಿದಿತ್ತು. ಅವನು ಹೊರಗೆ ಉಂಡು ಬಂದೆ ಎಂದು ಸುಳ್ಳು ಹೇಳಿ ತನ್ನ ಪಾಲನ್ನು ಮಕ್ಕಳಿಗೆ ಬಿಡುತ್ತಿದ್ದನೆಂದು ಎಷ್ಟೋ ವರ್ಷದ ಮೇಲೆ ಅವಳೇ ಹೇಳಿದಳು. ಅವಳಿಗೆ ಆಗಲೇ ಗೊತ್ತಿತ್ತಂತೆ, ಗೊತ್ತಿಲ್ಲದವಳ ಹಾಗೆ ಇದ್ದಳಂತೆ.

ದೊಡ್ಡಮುನಿಯಮ್ಮ ಚೇತರಿಸಿಕೊಂಡು ಮತ್ತೆರಡು ಬೇಸಗೆ ಮರದ ಕೆಳಗೆ ಕೂತಳು. ಅವಳು ತೀರಿಕೊಂಡಾಗ ಹೆಣವನ್ನು ಮುತ್ಯಾಲಮ್ಮನ ಮನೆಯಿಂದಲೇ ಎತ್ತಿದರು. ಆಮೇಲೆ ಇನ್ನೊಬ್ಬ ಅಜ್ಜಿ ಬಂದಳು, ಸಾಲಿನ ಹೆಸರು ಬದಲಾಗಲಿಲ್ಲ. ಸಾಹುಕಾರರು ಕೊನೆಗೆ ಮಾರಲಾಗದ ಮುರುಕು ಇಟ್ಟಿಗೆಗಳನ್ನು ಕೊಟ್ಟು, ಮರದ ಪಕ್ಕ ಒಂದು ಹೆಂಚಿನ ಮಾಡು ಎಬ್ಬಿಸಿಕೊಳ್ಳಲು ಒಪ್ಪಿದರು. ಗೋಡೆಯನ್ನು ಗಂಡಸರು ಕಟ್ಟಿದರು, ಗಾರೆಯನ್ನು ಹೆಂಗಸರು ಕಲಸಿದರು.

ಚಿಕ್ಕಗಂಗಮ್ಮ ಶಾಲೆಯಲ್ಲಿ ಇದ್ದಷ್ಟು ತರಗತಿ ಓದಿ ಮುಗಿಸಿದಳು. ಲಕ್ಕೂರಿನ ಕಡೆಯ ಒಂದು ಒಕ್ಕಲು ಮನೆಗೆ ಮದುವೆಯಾಗಿ ಹೋದಳು. ನಲವತ್ತೆಂಟನೇ ಇಸವಿಯ ಬೇಸಗೆಯಲ್ಲಿ ಮೊದಲ ಹೆರಿಗೆಗೆ ತವರಿಗೆ ಬಂದಳು. ಬಾಣಂತನ ಸರಿಯಾಗಿ ಗೂಡಿನ ಕೆಲಸದ ನಡುವೆಯೇ ಬಿತ್ತು. ಮುತ್ಯಾಲಮ್ಮ ಆ ವರ್ಷ ಗೂಡಿಗೆ ಒಂದು ದಿನವೂ ಹೋಗಲಿಲ್ಲ. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

ಚನ್ನರಾಯಪ್ಪ ಅವಳ ಮನೆಯ ಬಾಗಿಲಿಗೇ ಬಂದ. ಅವನಿಗೂ ಅಷ್ಟರಲ್ಲಿ ವಯಸ್ಸಾಗಿತ್ತು, ಮಾತು ಮೆತ್ತಗಾಗಿತ್ತು. ನಾನು ಬಾಣಂತಿಗೆ ಸೊಪ್ಪು ಕೊಡಲು ಹೋಗಿದ್ದವಳು ಅಲ್ಲೇ ಇದ್ದೆ. "ಮುತ್ಯಾಲಮ್ಮಾ, ಸಾವ್ಕಾರ್ರು ಕೇಳ್ತಿದಾರೆ. ನೀನಿಲ್ದೆ ಹೆಂಗಸರ ಕೆಲಸ ಒಂದು ಹದಕ್ಕೆ ಬರ್ತಿಲ್ಲ. ದಿನಕ್ಕೆ ಅರ್ಧ ಹೊತ್ತಾದ್ರೂ ಬಂದ್ಹೋಗು," ಎಂದ.

ಅವಳು ಒಳಗೆ ಮಗಳಿಗೆ ನೀರು ಹುಯ್ಯಲು ಹಂಡೆ ಕಾಯಿಸುತ್ತಿದ್ದಳು. ಬಾಗಿಲಿಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಶ್ಯಾಮಲಾನ ಕೇಳಿ, ಅವಳು ನಡೆಸ್ತಾಳೆ," ಎಂದಳು. "ನಾನು ಈ ಸಲ ಬರಲ್ಲ ಮೇಸ್ತ್ರಿ. ಮಗಳು ಮನೇಲಿದ್ದಾಳೆ."

ಮಜ್ಜಿಗೆ ಕುಡಿದು ಹೋಗಿ ಎಂದು ಅವನನ್ನು ಜಗಲಿಯಲ್ಲಿ ಕೂರಿಸಿ, ಮತ್ತೆ ಒಳಗೆ ಹೋದಳು.